ಮೂಲಕ್ಕೆ ಧಕ್ಕೆಯಿಲ್ಲದ ಗೋಡೆ

ನಗರ ಸೌಂದರ್ಯ ನಿರ್ದೇಶನಾಲಯದಲ್ಲಿ ಯಾವುದನ್ನೂ ಅಳಿಸುವುದಿಲ್ಲ. ಅಳಿಸುವುದು ನಿಯಮಕ್ಕೆ ವಿರುದ್ಧ. ಕಾಣಬಾರದ್ದನ್ನು ಕಾಣದಂತೆ ಮಾಡಲಾಗುತ್ತದೆ, ಮೂಲವನ್ನು ಇದ್ದ ಹಾಗೇ ಕಾಪಾಡಲಾಗುತ್ತದೆ, ಎರಡೂ ಸುಸೂತ್ರವಾಗಿ ನಡೆದಿವೆ ಎಂದು ಸಾರಲು ವರ್ಷಕ್ಕೊಮ್ಮೆ ಬಣ್ಣದ ಪುಸ್ತಕ ಅಚ್ಚು ಹಾಕಿಸಲಾಗುತ್ತದೆ. ಇಂಥ ಉದಾತ್ತ ನಿಯಮವನ್ನು ಬೇರೆ ಯಾವ ಕಚೇರಿಯೂ ಬರವಣಿಗೆಯಲ್ಲಿ ಒಪ್ಪಿಕೊಂಡಂತಿಲ್ಲ. ಆಚರಣೆಯಲ್ಲಿ ಒಪ್ಪಿಕೊಂಡವು ಬೇಕಾದಷ್ಟಿವೆ.

ಈ ನಿಯಮಕ್ಕೆ ಕಾರಣಳಾದವಳು ಫೋಟೊ ವಿಭಾಗದ ಪದರಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು ಫೋಟೊಗಳ ಮೇಲೆ ಪದರದ ಮೇಲೆ ಪದರ ಹಾಕುವವಳು ಎಂದು ಇಡೀ ಕಚೇರಿ ಅವಳನ್ನು ಹಾಗೆ ಕರೆಯುತ್ತಿತ್ತು. ಅವಳ ಕೆಲಸದ ರೀತಿಯೇ ಹಾಗೆ. ಮೂಲ ಫೋಟೊವನ್ನು ಎಲ್ಲಕ್ಕಿಂತ ಕೆಳಗಿಟ್ಟು ಯಾರೂ ಮುಟ್ಟದಂತೆ ಬೀಗ ಹಾಕುವುದು. ಬಿಸಿಲು ಹೆಚ್ಚಬೇಕೆ, ಅದರ ಮೇಲೊಂದು ಪದರ. ಆಕಾಶ ನೀಲಿಯಾಗಬೇಕೆ, ಇನ್ನೊಂದು. ಯಾರಾದರೂ ಮರೆಯಾಗಬೇಕೆ, ಮೇಲೊಂದು ಪದರ ಎಳೆದು, ಬೇಕಾದಷ್ಟೇ ಭಾಗ ಮರೆಮಾಡುವ ಮಾಸ್ಕ್ ಹಾಕಿ ಅಂಚು ಸವರಿದರಾಯಿತು. ಪ್ರತಿ ಪದರದ ಪಕ್ಕದಲ್ಲೂ ಪುಟ್ಟದೊಂದು ಕಣ್ಣಿನ ಗುರುತು ಇರುತ್ತದೆ. ಒತ್ತಿದರೆ ಪದರ ಮಾಯ, ಮತ್ತೆ ಒತ್ತಿದರೆ ಹಾಜರ್. ಕೆಳಗಿನ ಮೂಲ ಮಾತ್ರ ಈ ಗದ್ದಲ ಯಾವುದೂ ತನಗೆ ಸಂಬಂಧವಿಲ್ಲ ಎಂಬಂತೆ ತಣ್ಣಗೆ ಮಲಗಿರುತ್ತದೆ.

ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವನಿಗೆ ಇಷ್ಟು ವ್ಯವಧಾನ ಇರಲಿಲ್ಲ. ಬೇಡವಾದವರನ್ನು ನೇರವಾಗಿ ಅಳಿಸಿಬಿಡುತ್ತಿದ್ದ. ಸಭಾಂಗಣದಲ್ಲಿ ತೂಗುಹಾಕಿದ ಗುಂಪು ಫೋಟೊದಲ್ಲಿ ಒಬ್ಬ ಅಧಿಕಾರಿಯ ಹೆಗಲ ಮೇಲೆ ಇಂದಿಗೂ ವಾರಸುದಾರರಿಲ್ಲದ ಕೈಯೊಂದಿದೆ. ಅದು ಯಾರ ಕೈ ಎಂದು ಪತ್ತೆಮಾಡಲು ನೇಮಿಸಿದ ಸಮಿತಿ ಈಗಲೂ ಸಭೆ ಸೇರುತ್ತದೆ.

ಒಮ್ಮೆ ಉದ್ಯಾನದ ಉದ್ಘಾಟನೆಯ ಫೋಟೊದಲ್ಲಿದ್ದ ಉಪನಿರ್ದೇಶಕರು ಮೇಲಿನವರ ಅವಕೃಪೆಗೆ ಪಾತ್ರರಾದರು. ಆದೇಶದಂತೆ ಪದರಮ್ಮ ಅವರ ಮೇಲೊಂದು ಹೂವಿನ ಕುಂಡ ಇಟ್ಟಳು. ಕೆಲವು ತಿಂಗಳಲ್ಲಿ ಗಾಳಿ ತಿರುಗಿತು. ಉಪನಿರ್ದೇಶಕರು ಮೊದಲಿಗಿಂತ ದೊಡ್ಡ ಕುರ್ಚಿಗೆ ಮರಳುವ ಸೂಚನೆ ಕಂಡಿತು. ನಿರ್ದೇಶಕರು ಬೆವರೊರೆಸಿಕೊಳ್ಳುತ್ತ ಫೋಟೊ ವಿಭಾಗಕ್ಕೆ ಓಡಿಬಂದರು.

"ಅವರನ್ನ ಅಳಿಸಿಬಿಟ್ಟಿದ್ದೀಯಲ್ಲಮ್ಮಾ! ಈಗೇನು ಗತಿ?"

"ಅಳಿಸಿಲ್ಲ ಸಾರ್. ಕುಂಡದ ಕೆಳಗೇ ಇದ್ದಾರೆ," ಎಂದು ಪದರಮ್ಮ ಕಣ್ಣಿನ ಗುರುತು ಒತ್ತಿದಳು. ಕುಂಡ ಹೋಯಿತು. ಉಪನಿರ್ದೇಶಕರು ಕೈಯಲ್ಲಿ ಚಹಾದ ಕಪ್ಪು ಹಿಡಿದು, ಬಾಯಿ ತುಂಬ ನಗುತ್ತ, ಏನೂ ಆಗಿಲ್ಲವೆಂಬಂತೆ ನಿಂತಿದ್ದರು.

ನಿರ್ದೇಶಕರು ಅಲ್ಲೇ ಸ್ಟೂಲಿನ ಮೇಲೆ ಕುಸಿದರು. "ನಾವು ಇಷ್ಟು ವರ್ಷ ಆಡಳಿತ ಅಂತ ಏನು ಮಾಡ್ತಿದ್ವೋ, ಅದಕ್ಕೊಂದು ಶಾಸ್ತ್ರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರು. ಅದೇ ವಾರ ಸುತ್ತೋಲೆ ಹೊರಬಿತ್ತು.

'ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ನಿರ್ದೇಶನಾಲಯದ ಎಲ್ಲ ಕಾರ್ಯಗಳನ್ನೂ ಮೂಲಕ್ಕೆ ಧಕ್ಕೆಯಾಗದ ಪದ್ಧತಿಯಲ್ಲಿಯೇ ನೆರವೇರಿಸತಕ್ಕದ್ದು. ಯಾವುದೇ ದೋಷವನ್ನು ನಿವಾರಿಸುವುದು ಮೂಲದ ನಾಶವೆಂದು ಪರಿಗಣಿಸಲ್ಪಡುವುದರಿಂದ, ಸದರಿ ದೋಷದ ಮೇಲೆ ಸೂಕ್ತ ಪದರವನ್ನು ಹೊದಿಸತಕ್ಕದ್ದು. ಸಾರ್ವಜನಿಕರ ದೂರುಗಳನ್ನು ತಿರಸ್ಕರಿಸತಕ್ಕದ್ದಲ್ಲ; ಅವುಗಳ ಗಾಢತೆಯನ್ನು ಹಂತಹಂತವಾಗಿ ಕಡಿಮೆ ಮಾಡತಕ್ಕದ್ದು.'

ಸುತ್ತೋಲೆ ಓದಿ ಸಿಬ್ಬಂದಿಯಲ್ಲಿ ಯಾರಿಗೂ ಹೊಸದೇನೂ ಅನ್ನಿಸಲಿಲ್ಲ. ಸೋರುವ ಚಾವಣಿಗೆ ಆಕಾಶದ ಚಿತ್ರ ಅಂಟಿಸಿದರು. ಕಾಲು ಮುರಿದ ಮೇಜಿಗೆ ನೆಲ ಮುಟ್ಟುವಷ್ಟು ಬಟ್ಟೆ ಹೊದಿಸಿದರು. ಹೊಸಬರು ಅದಕ್ಕೆ ಮೊಣಕೈ ಊರಿ ಬಿದ್ದಾಗ ಮೂಲ ಸುರಕ್ಷಿತವಾಗಿದೆ ಎಂದು ಎಲ್ಲರಿಗೂ ಖಾತ್ರಿಯಾಗುತ್ತಿತ್ತು. ಪದರಮ್ಮನಿಗೆ ಪ್ರಶಂಸಾಪತ್ರ ಸಿಕ್ಕಿತು. ಅದನ್ನು ಮನೆಗೆ ಒಯ್ದು ಅತ್ತೆಗೆ ತೋರಿಸಿದಳು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಲು ಉಕ್ಕಿಸದೆ ಕಾಯಿಸೋದಕ್ಕೆ ಯಾರೂ ಪತ್ರ ಕೊಡಲ್ಲ ಅಲ್ವಾ," ಎಂದರು.

ಈ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಪದರಮ್ಮನ ಅಡುಗೆಮನೆ ರಸ್ತೆಯ ಪಕ್ಕಕ್ಕಿತ್ತು. ಅದರ ಕಿಟಕಿಯಲ್ಲಿ ಸ್ಟೂಲ್ ಹಾಕಿಕೊಂಡು ಅತ್ತೆ ಬೆಳಗಿನಿಂದ ಸಂಜೆಯವರೆಗೆ ಹುಬ್ಬು ಗಂಟಿಕ್ಕಿ ಕೂತಿರುತ್ತಿದ್ದರು. ಬೀದಿಯಲ್ಲಿ ಹೋಗುವವರ ಪೈಕಿ ಅವರ ಕಣ್ಣಿಗೆ ಸರಿಬಂದವರು ಯಾರೂ ಇರಲಿಲ್ಲ. ಸಂಜೆ ಕೆಲಸ ಮುಗಿಸಿ ಬರುವ ಸೊಸೆಗೆ ಮನೆಗಿಂತ ಮೊದಲು ಆ ಗಂಟುಮುಖ ಕಾಣುತ್ತಿತ್ತು. ಕಂಡಕೂಡಲೇ ಅವಳ ನಡಿಗೆ ನಿಧಾನವಾಗುತ್ತಿತ್ತು. ಮದುವೆಯಾಗಿ ಬಂದ ದಿನದಿಂದಲೂ ಹಾಗೇ. ಬೀಗ ರಿಪೇರಿ ಮಾಡುವ ಗಂಡನಿಗೆ ಹೇಳಿದರೆ, "ಅಮ್ಮನ ಮುಖ ಇರೋದೇ ಹಾಗೆ, ಒಳಗೆ ಏನೂ ಇಲ್ಲ," ಎನ್ನುತ್ತಿದ್ದ. ಒಳಗಿನದನ್ನು ಬೀಗ ತೆರೆದು ನೋಡಿದವರು ಯಾರೂ ಇರಲಿಲ್ಲ.

ಆ ವರ್ಷದ ಪುಸ್ತಕಕ್ಕೆ 'ನಮ್ಮ ವಿಶಾಲ ರಸ್ತೆಗಳು' ಎಂಬ ಅಧ್ಯಾಯ ಬೇಕಾಯಿತು. ಛಾಯಾಗ್ರಾಹಕ ತಂದುಕೊಟ್ಟ ಫೋಟೊ ಪದರಮ್ಮನ ಬೀದಿಯದ್ದೇ. ನಿರ್ದೇಶಕರು ಬೆರಳಿಟ್ಟರು.

"ಈ ಗೋಡೆ ಯಾಕಮ್ಮಾ ಹೀಗೆ ಮುಂದೆ ಬಂದಿದೆ? ರಸ್ತೆ ಸೊಂಟ ಹಿಡಿದ ಹಾಗೆ ಕಾಣುತ್ತೆ."

"ಅದು ನಮ್ಮನೆ ಅಡುಗೆಮನೆ ಸಾರ್. ಮನೆ ರಸ್ತೆಗಿಂತ ಹಳೇದು. ಕಾಗದಪತ್ರ ಎಲ್ಲಾ ಸರಿಯಿದೆ."

"ಕಾಗದದಲ್ಲಿ ಸರಿಯಿರಬಹುದು. ಫೋಟೊದಲ್ಲಿ ಸರಿಯಿಲ್ಲವಲ್ಲ."

ಪದರಮ್ಮ ಯೋಚಿಸಿದಳು. ಮೂಲಕ್ಕೇನೂ ಆಗುವುದಿಲ್ಲವಲ್ಲ. ಬೀದಿಯ ಆ ತುದಿಯಿಂದ ಒಂದಿಷ್ಟು ಡಾಂಬರು, ಒಂದಿಷ್ಟು ಆಕಾಶ ತಂದು ಹೊಸ ಪದರದಲ್ಲಿ ಹರಡಿದಳು. ಗೋಡೆ ಹೋಯಿತು, ಕಿಟಕಿ ಹೋಯಿತು, ಕೊನೆಗೆ ಕಿಟಕಿಯಲ್ಲಿದ್ದ ಅತ್ತೆಯೂ ಹುಬ್ಬಿನ ಗಂಟಿನ ಸಮೇತ ಹೋದರು. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ಪದರಮ್ಮನ ಹೊಟ್ಟೆ ಸ್ವಲ್ಪ ತಣ್ಣಗಾಯಿತು. ಕಣ್ಣು ಒತ್ತಿ ಅತ್ತೆಯನ್ನು ಒಮ್ಮೆ ಕರೆಸಿದಳು, ಮತ್ತೆ ಒತ್ತಿ ಕಳಿಸಿದಳು. ಹೀಗೆ ಮಧ್ಯಾಹ್ನದವರೆಗೂ ತುಂಬ ಶ್ರದ್ಧೆಯಿಂದ ಕೆಲಸ ಮಾಡಿದಳು.

ಪುಸ್ತಕ ಅಚ್ಚಾಯಿತು. ಅಚ್ಚಾದ ಪುಸ್ತಕ ಪದ್ಧತಿಯಂತೆ ತಾಳೆ ವಿಭಾಗಕ್ಕೆ ಹೋಯಿತು. ಪುಸ್ತಕದಲ್ಲಿರುವುದಕ್ಕೂ ಊರಿನಲ್ಲಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ಆ ವಿಭಾಗದ ಹೊಣೆ. ಪುಸ್ತಕದ ಪ್ರತಿ ಪುಟಕ್ಕೂ ನಿರ್ದೇಶಕರ ಸಹಿ ಇರುತ್ತದೆ. ಊರಿಗೆ ಯಾರೂ ಸಹಿ ಹಾಕಿರುವುದಿಲ್ಲ. ಆದ್ದರಿಂದ ಎರಡರ ನಡುವೆ ವ್ಯತ್ಯಾಸ ಕಂಡುಬಂದರೆ ತಪ್ಪು ಊರಿನದೇ ಎಂದು ತೀರ್ಮಾನಿಸಿ ಅದನ್ನು ಸರಿಪಡಿಸಲಾಗುತ್ತದೆ.

ಪದರಮ್ಮ ಕಚೇರಿಯಲ್ಲಿದ್ದ ಹೊತ್ತಿನಲ್ಲಿ ತಾಳೆ ಅಧಿಕಾರಿ ಪುಸ್ತಕ ಹಿಡಿದು, ಆಳುಗಳ ಜೊತೆ ಅವಳ ಬೀದಿಗೆ ಬಂದರು. ಸಭ್ಯ ಮನುಷ್ಯ. ಪುಟ ನೋಡಿದರು, ಗೋಡೆ ನೋಡಿದರು, ನಾಲಿಗೆ ಲೊಚಗುಟ್ಟಿದರು. 'ಸ್ಥಳದಲ್ಲಿ ಹೆಚ್ಚುವರಿಯಾಗಿ ಗೋಡೆ ಒಂದು, ವೃದ್ಧ ಮಹಿಳೆ ಒಂದು ಕಂಡುಬಂದಿರುತ್ತವೆ' ಎಂದು ಬರೆದುಕೊಂಡರು.

"ಅಜ್ಜಿ, ಫೋಟೊದಲ್ಲಿ ನೀವಿಲ್ಲ," ಎಂದರು ಮೃದುವಾಗಿ.

"ಇಲ್ಲೇ ಇದ್ದೀನಲ್ಲಪ್ಪಾ, ಕಣ್ಣು ಕಾಣಲ್ವಾ?"

"ಅದೇ ತೊಂದರೆ ಆಗಿರೋದು, ಅಜ್ಜಿ."

ಅತ್ತೆಯನ್ನು ಸ್ಟೂಲಿನ ಸಮೇತ ಗೌರವದಿಂದ ಎತ್ತಿ ಒಳಕೋಣೆಯಲ್ಲಿ ಕೂರಿಸಿದರು. ಆಮೇಲೆ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸಿ ಲಾರಿಗೆ ತುಂಬಿದರು. ನೆಲ ಗುಡಿಸಿ ಹೋದರೆಂದು ಬೀದಿಯವರು ಇವತ್ತಿಗೂ ಹೊಗಳುತ್ತಾರೆ.

ಸಂಜೆ ಬಸ್ಸಿಳಿದ ಪದರಮ್ಮನಿಗೆ ಗಂಟುಮುಖ ಕಾಣಲಿಲ್ಲ. ಅದರ ಬದಲು ತನ್ನ ಒಲೆ ಕಂಡಿತು. ಒಲೆಯ ಮೇಲಿನ ಪಾತ್ರೆ, ಪಕ್ಕದ ಡಬ್ಬಿಗಳು, ತೊಳೆಯದೆ ಬಿಟ್ಟುಹೋಗಿದ್ದ ಲೋಟ, ಎಲ್ಲ ಅಂಗಡಿಯ ಗಾಜಿನೊಳಗೆ ಜೋಡಿಸಿಟ್ಟ ಹಾಗೆ ಬೀದಿಗೆ ಕಾಣುತ್ತಿದ್ದವು.

ಅತ್ತೆ ಒಳಕೋಣೆಯಲ್ಲಿ ಸ್ಟೂಲಿನ ಮೇಲೆ ಹಾಗೇ ಕೂತಿದ್ದರು.

"ಫೋಟೊದಿಂದ ನನ್ನ ತೆಗೆದುಹಾಕಿದೆಯಂತೆ?"

"ತೆಗೆದಿಲ್ಲ ಅತ್ತೆ, ಮುಚ್ಚಿದ್ದು ಅಷ್ಟೇ. ಕೆಳಗೆ ನೀವು ಹಾಗೇ ಇದ್ದೀರಿ."

"ಯಾವುದರ ಕೆಳಗೆ?"

"ಡಾಂಬರಿನ ಕೆಳಗೆ," ಎಂದಳು ಪದರಮ್ಮ. ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿತು.

ಅಂದಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಗಂಡ ಮಾತ್ರ ಧೈರ್ಯಗೆಡಲಿಲ್ಲ. ಅಡುಗೆಮನೆಯ ಬಾಗಿಲು ಚೌಕಟ್ಟಿನ ಸಮೇತ ಉಳಿದುಕೊಂಡಿತ್ತು. ಅದು ಫೋಟೊದ ಅಂಚಿನಿಂದ ಆಚೆಗಿತ್ತು. ಗೋಡೆಯಿಲ್ಲದೆ ಒಂಟಿಯಾಗಿ ನಿಂತ ಆ ಬಾಗಿಲಿಗೆ ಅವನು ತನ್ನ ಅಂಗಡಿಯಲ್ಲೇ ಅತಿ ಗಟ್ಟಿಯಾದ ಬೀಗ ತಂದು ಹಾಕಿದ. "ಈಗ ಕಾಲ ಸರಿಯಿಲ್ಲ," ಎಂದ.

ಗೋಡೆಯಿಲ್ಲದ ಅಡುಗೆಮನೆಯಲ್ಲಿ ಬದುಕುವುದು ಹೇಗೆಂದು ಪದರಮ್ಮ ಕಲಿಯಬೇಕಾಯಿತು. ಎದುರಿಗೇ ಬಸ್ ಸ್ಟಾಪು. ಬಸ್ಸಿಗೆ ಕಾಯುವವರು ಮೊದಮೊದಲು ಸಂಕೋಚದಿಂದ ಮುಖ ತಿರುಗಿಸುತ್ತಿದ್ದರು. ಆಮೇಲೆ ಸಲಹೆ ಕೊಡತೊಡಗಿದರು. "ಅಕ್ಕಾ, ಹಾಲು ಉಕ್ತಾ ಇದೆ!" ಎಂದು ಚಲಿಸುವ ಬಸ್ಸಿನಿಂದ ಕಂಡಕ್ಟರ್ ಕೂಗಿದ ದಿನ, ಅವಳು ಬೀದಿಗೆ ಬೆನ್ನು ಮಾಡಿ ಪಾತ್ರೆ ಉಜ್ಜುತ್ತ ಅತ್ತಳು. ಅವಳಿಗೆ ಬೇಕಾಗಿದ್ದುದು ಪ್ರಶಂಸಾಪತ್ರವಲ್ಲ, ಬಡ್ತಿಯೂ ಅಲ್ಲ. ಒಂದು ಗೋಡೆ. ಅದರ ಹಿಂದೆ ನಿಂತು ನೆಮ್ಮದಿಯಾಗಿ ಹಾಲು ಉಕ್ಕಿಸುವ ಸ್ವಾತಂತ್ರ್ಯ.

ತಾಳೆ ಅಧಿಕಾರಿಯ ಮೇಜಿನ ಮುಂದೆ ನಿಂತಳು. "ನಾನು ಮುಚ್ಚಿದ್ದು ಸಾರ್. ನೀವು ಒಡೆದುಬಿಟ್ರಿ."

"ಛೇ ಛೇ, ಒಡೆಯೋದೇ? ಸುತ್ತೋಲೆ ಓದಿಲ್ವೇನಮ್ಮಾ?" ಅಧಿಕಾರಿಗೆ ನಿಜವಾಗಿ ನೋವಾಗಿತ್ತು. "ಒಂದು ಇಟ್ಟಿಗೆಗೂ ಪೆಟ್ಟಾಗಿಲ್ಲ. ಎಲ್ಲವೂ ನಮ್ಮ ಗೋದಾಮಿನಲ್ಲಿ ಭದ್ರವಾಗಿದೆ. ನಿಮ್ಮ ಗೋಡೆ ಎಲ್ಲಿಗೂ ಹೋಗಿಲ್ಲ, ಕಾಣಿಸ್ತಿಲ್ಲ ಅಷ್ಟೇ."

ನಿರ್ದೇಶಕರ ಬಳಿಗೆ ಹೋದಳು. ಅವರು ಎದ್ದು ನಿಂತು ಅಭಿನಂದಿಸಿದರು. "ನಿನ್ನ ತತ್ವಕ್ಕೆ ಮೊದಲು ನೀನೇ ಗೋಡೆ ಕೊಟ್ಟೆಯಲ್ಲಮ್ಮಾ. ಇಂಥ ನಿಷ್ಠೆ ಎಲ್ಲಿ ಸಿಗುತ್ತೆ?"

ಪದರಮ್ಮ ತನ್ನ ಕುರ್ಚಿಗೆ ಮರಳಿ ಕಂಪ್ಯೂಟರಿನ ತೆರೆ ನೋಡಿದಳು. ಅಲ್ಲಿ ಆ ಫೋಟೊ ಇತ್ತು. ಪಕ್ಕದಲ್ಲಿ ಕಣ್ಣಿನ ಗುರುತು ಇತ್ತು. ಪುಸ್ತಕದ ಪರಿಷ್ಕೃತ ಮುದ್ರಣ ಅಚ್ಚಿಗೆ ಹೋಗುವುದರಲ್ಲಿತ್ತು. ಅವಳು ಕಣ್ಣು ಒತ್ತಿದಳು. ಡಾಂಬರು ಸರಿಯಿತು, ಗೋಡೆ ಎದ್ದಿತು, ಕಿಟಕಿಯಲ್ಲಿ ಅತ್ತೆ ಹುಬ್ಬು ಗಂಟಿಕ್ಕಿದರು. ಆ ಮುಖ ಕಂಡು ಪದರಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ಸಂತೋಷವಾಯಿತು. ನಿರ್ದೇಶಕರು ಎಂದಿನಂತೆ ಪುಟ ನೋಡದೆ ಸಹಿ ಹಾಕಿದರು.

ಪುಸ್ತಕ ಬಂದಕೂಡಲೇ ತಾಳೆ ಅಧಿಕಾರಿ ಮತ್ತೆ ಬೀದಿಗೆ ಬಂದರು. ಈ ಸಲ ಪದರಮ್ಮ ರಜೆ ಹಾಕಿ ಕಾದಿದ್ದಳು. ಅವರು ಪುಟ ನೋಡಿ, ಒಲೆ ನೋಡಿ, ನಾಲಿಗೆ ಲೊಚಗುಟ್ಟಿದರು.

"ಸ್ಥಳದಲ್ಲಿ ಒಂದು ಗೋಡೆ ಕಡಿಮೆ ಇದೆಯಲ್ಲಾ! ಹೇಗೆ ಬಿಟ್ಟಿದ್ದೀರಿ ಇಷ್ಟು ದಿನ?"

"ಅದೇ ಸಾರ್. ಇಟ್ಟಿಗೆ ವಾಪಸ್ ಕೊಡಿ, ಕಟ್ಟಿಸಿಬಿಡಿ."

"ಆ ಇಟ್ಟಿಗೆ ಮೂಲ ಅಲ್ವೇನಮ್ಮಾ! ಮೂಲಕ್ಕೆ ಕೈ ಹಚ್ಚೋ ಹಾಗಿಲ್ಲ."

"ಹಾಗಾದ್ರೆ ಹೊಸ ಇಟ್ಟಿಗೆಯಲ್ಲಿ ಕಟ್ಟಿಸಿ."

"ಆಗ ಒಂದೇ ಗೋಡೆಗೆ ಎರಡು ಮೂಲ ಆಗುತ್ತೆ. ನಾಳೆ ಯಾವುದು ನಿಜವಾದ ಗೋಡೆ ಅಂತ ಯಾರಾದ್ರೂ ಕೇಳಿದ್ರೆ ನಾನೇನು ಹೇಳಲಿ?" ಅಧಿಕಾರಿ ಹಣೆ ತಿಕ್ಕಿಕೊಂಡರು. ಅವರ ಮುಖ ಅರಳಿತು. "ಪದರ ಹಾಕೋಣ."

ಪದರ ಬಂತು. ಗಟ್ಟಿಯಾದ ಫ್ಲೆಕ್ಸ್ ಹಾಳೆಯ ಮೇಲೆ ಪೂರ್ಣ ಗಾತ್ರದಲ್ಲಿ ಮುದ್ರಿಸಿದ ಗೋಡೆ. ಮರದ ಚೌಕಟ್ಟಿಗೆ ಬಿಗಿದು ಬೀದಿಯ ಪಕ್ಕಕ್ಕೆ ನಿಲ್ಲಿಸಿದರು. ಗಾರೆ ಬಿಟ್ಟ ಜಾಗ, ತೇವದ ಕಲೆ, ಮೂಲೆಯ ಬಿರುಕು, ಯಾವುದನ್ನೂ ಬಿಟ್ಟಿರಲಿಲ್ಲ. ನಡುವೆ ಕಿಟಕಿ, ಕಿಟಕಿಯಲ್ಲಿ ಅತ್ತೆ. ನಿರ್ದೇಶಕರು ಬಂದು ರಿಬ್ಬನ್ ಕತ್ತರಿಸಿದರು. ಗಾಳಿ ಬೀಸಿದಾಗ ಗೋಡೆ ಉಬ್ಬಿ ಇಳಿಯುತ್ತಿತ್ತು, ಅದರ ಜೊತೆ ಅತ್ತೆಯೂ ನಿಟ್ಟುಸಿರು ಬಿಟ್ಟಂತೆ ಕಾಣುತ್ತಿತ್ತು. ಅದಕ್ಕೆ ಮೊಳೆ ಹೊಡೆಯಬಾರದು, ಒರಗಬಾರದು, ಬೆಂಕಿಯನ್ನು ದೂರವಿಡಬೇಕು ಎಂದು ಸೂಚನೆ ಕೊಟ್ಟರು. ಒಲೆಯನ್ನು ಹಜಾರಕ್ಕೆ ಸಾಗಿಸಬೇಕಾಯಿತು. ಹೀಗೆ ಅಡುಗೆಮನೆಗೆ ಗೋಡೆ ಬಂತು, ಅಡುಗೆ ಮಾತ್ರ ಹೊರಗುಳಿಯಿತು.

ಬೀದಿಯವರೆಲ್ಲ ನೋಡಿ ಹೋದ ಮೇಲೆ ಅತ್ತೆ ಹೊರಗೆ ಬಂದರು. ಬೀದಿಯ ಆಚೆ ಬದಿಗೆ ಹೋಗಿ, ಬಸ್ ಸ್ಟಾಪಿನ ಹತ್ತಿರ ನಿಂತು ಗೋಡೆಯನ್ನು ನೋಡಿದರು. ಇಷ್ಟು ವರ್ಷ ಅವರು ಕಿಟಕಿಯ ಒಳಗಿನಿಂದ ಹೊರಗೆ ನೋಡಿದ್ದರೇ ಹೊರತು, ಹೊರಗಿನಿಂದ ಒಳಗೆ ನೋಡಿರಲಿಲ್ಲ. ಸೊಸೆ ಪಕ್ಕಕ್ಕೆ ಬಂದು ನಿಂತಳು. ಬಹಳ ದಿನಗಳ ಮೇಲೆ ಅತ್ತೆ ಬಾಯಿ ಬಿಟ್ಟರು.

"ನನ್ನ ಮುಖ ಹೀಗಾ ಇರೋದು?"

ಪದರಮ್ಮ ಬಸ್ಸು ಬರುತ್ತಿದೆಯೇ ಎಂದು ನೋಡಿದಳು.

"ದಿನಾ ಸಂಜೆ ಬರೋವಾಗ ನಿನಗೆ ಹೀಗೇ ಕಾಣ್ತಿದ್ದೆನಾ?"

"ಫೋಟೊ ತೆಗೆದಾಗ ಬೆಳಕು ಸರಿಯಿರಲಿಲ್ಲ ಅತ್ತೆ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ," ಎಂದರು ಅತ್ತೆ. ದನಿಯಲ್ಲಿ ಖಾರ ಇರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು. "ಬೀದಿಗೆಲ್ಲ ಈ ಮುಖ ತೋರಿಸ್ಕೊಂಡು ನಿಲ್ಲೋದು ನಂಗೆ ಬೇಡ. ತಿದ್ದು."

ಪದರಮ್ಮ ತಿದ್ದಲು ಕೂತಳು. ಅತ್ತೆ ನಕ್ಕ ಫೋಟೊ ಮನೆಯಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಹಾಗೆಂದು ನಗುವನ್ನು ಹೊಸದಾಗಿ ಬರೆಯಲು ಅವಳಿಗೆ ಮನಸ್ಸು ಬರಲಿಲ್ಲ. ಕೊನೆಗೆ ಉದ್ಯಾನದ ಫೋಟೊ ತೆರೆದು, ಉಪನಿರ್ದೇಶಕರ ನಗುವನ್ನು ಮೆಲ್ಲಗೆ ಕತ್ತರಿಸಿ ತಂದು, ಹೊಸ ಪದರದಲ್ಲಿ ಅತ್ತೆಯ ಬಾಯಿಯ ಮೇಲೆ ಕೂರಿಸಿ, ಅಂಚು ಸವರಿದಳು. ಮೀಸೆಯ ಚೂರೊಂದು ಜೊತೆಗೆ ಬಂದಿತ್ತು, ಅದನ್ನು ಮಾಸ್ಕಿನಿಂದ ಮುಚ್ಚಿದಳು. ಗೋಡೆ ಮತ್ತೆ ಮುದ್ರಣವಾಗಿ ಬಂತು, ಪುಸ್ತಕ ಮತ್ತೆ ಪರಿಷ್ಕೃತವಾಯಿತು, ನಿರ್ದೇಶಕರು ಮತ್ತೆ ಸಹಿ ಹಾಕಿದರು. ಆದ್ದರಿಂದ ತಾಳೆ ಅಧಿಕಾರಿಯೂ ಮತ್ತೆ ಬಂದರು.

ಪುಟಕ್ಕೂ ಗೋಡೆಗೂ ತಾಳೆಯಾಯಿತು. ಹೋಗುವ ಮುನ್ನ ನೀರು ಕೇಳಲು ಒಳಗೆ ಬಂದವರು ಹಜಾರದಲ್ಲಿದ್ದ ಅತ್ತೆಯನ್ನು ಕಂಡು ನಿಂತುಬಿಟ್ಟರು. ಪುಸ್ತಕವನ್ನು ಅತ್ತೆಯ ಕೆನ್ನೆಯ ಪಕ್ಕದಲ್ಲಿ ಹಿಡಿದು ಹೋಲಿಸಿದರು.

"ಮುದ್ರಿತ ಅಜ್ಜಿ ಸರಿಯಿದ್ದಾರೆ. ಮುದ್ರಿತವಲ್ಲದ ಅಜ್ಜಿಯಲ್ಲಿ ವ್ಯತ್ಯಾಸ ಇದೆ."

ಪದರಮ್ಮ ಬೀದಿಯ ಕಡೆ ನೋಡಿದಳು. ಲಾರಿ ಹೊರಗೇ ನಿಂತಿತ್ತು. "ಸಾರ್, ಅವರು ಮೂಲ. ಮೂಲವನ್ನ ಮುಟ್ಟೋ ಹಾಗಿಲ್ಲ," ಎಂದು ಅಡ್ಡ ಬಂದಳು.

"ಯಾರು ಮುಟ್ಟಿದ್ರಮ್ಮಾ? ಅಜ್ಜಿಯ ಮುಖ ಇದ್ದ ಹಾಗೇ ಇರಲಿ. ಅದರ ಮೇಲೊಂದು ನಗು ಹಾಕಿಕೊಂಡ್ರೆ ಸಾಕು."

ಸೊಸೆ ತನ್ನ ಪರವಾಗಿ ಅಡ್ಡ ನಿಂತದ್ದನ್ನು ಅತ್ತೆ ನೋಡಿದರು. ಹೊರಗಿನ ಲಾರಿಯನ್ನೂ ನೋಡಿದರು. ಆಮೇಲೆ ಬಾಯಿಯನ್ನು ಒಂದು ಕಡೆಗೆ ಎಳೆದರು.

"ಇನ್ನೂ ಸ್ವಲ್ಪ ಎಡಕ್ಕೆ, ಅಜ್ಜಿ. ಹಲ್ಲು ಕಾಣಬೇಕು. ಹಾಂ. ಚಹಾದ ಕಪ್ಪು ಹಿಡಿದವರ ಹಾಗೆ. ಹಾಂ, ತಾಳೆಯಾಯಿತು." ಅಧಿಕಾರಿ ಗುರುತು ಹಾಕಿಕೊಂಡರು. ತಪಾಸಣೆ ಯಾವ ಹೊತ್ತಿಗೆ ಬೇಕಾದರೂ ನಡೆಯಬಹುದೆಂದೂ ಸದರಿ ನಗುವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂದೂ ತಿಳಿಸಿ, ನೀರು ಕುಡಿದು ಹೋದರು.

ಈಗ ಆ ಬೀದಿಯಲ್ಲಿ ಫ್ಲೆಕ್ಸ್ ಗೋಡೆಗಾಗಿ ಅರ್ಜಿ ಹಾಕದ ಮನೆಯಿಲ್ಲ. ಇದ್ದ ಗೋಡೆಯನ್ನು ಗೋದಾಮಿಗೆ ಒಪ್ಪಿಸಿ ಬಂದವರಿಗೆ ಮೊದಲ ಆದ್ಯತೆ. ಬಸ್ಸಿನವರು ಆ ಜಾಗವನ್ನು 'ನಗುವ ಅಜ್ಜಿ ಸ್ಟಾಪು' ಎನ್ನುತ್ತಾರೆ. ಉಪನಿರ್ದೇಶಕರು ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿ, ಈ ಅಜ್ಜಿಯನ್ನು ಎಲ್ಲೋ ನೋಡಿದ್ದೇನೆ, ನಮ್ಮ ಕಡೆಯವರೇ ಇರಬೇಕು ಎಂದರಂತೆ.

ಮೊನ್ನೆ ಸಂಜೆ ಪದರಮ್ಮ ಬಸ್ಸಿಳಿದಾಗ ಗೋಡೆಯ ಮೇಲೆ ಅತ್ತೆ ನಗುತ್ತಿದ್ದರು. ಒಳಗೆ ಬಂದರೆ ಹಜಾರದ ಸ್ಟೂಲಿನ ಮೇಲೂ ಅತ್ತೆ ನಗುತ್ತಿದ್ದರು. ಅದೇ ಉಪನಿರ್ದೇಶಕರ ನಗು, ಸ್ವಲ್ಪ ಎಡಕ್ಕೆ.

"ಬಂದೆಯಾ? ಚಹಾ ಇಟ್ಟಿದ್ದೀನಿ, ಕುಡಿ."

ಇಷ್ಟು ವರ್ಷದಲ್ಲಿ ಅವಳಿಗೆ ಆ ಮನೆಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. "ಅತ್ತೆ, ಇವತ್ತು ಕಚೇರಿಗೆ ರಜೆ ಇತ್ತು. ಪುಸ್ತಕದ ಕೆಲಸ ಅಂತ ನನ್ನೊಬ್ಬಳನ್ನೇ ಕರೆಸಿದ್ರು. ತಪಾಸಣೆಗೆ ಯಾರೂ ಬರಲ್ಲ," ಎಂದಳು.

"ಗೊತ್ತು," ಎಂದರು ಅತ್ತೆ. ನಗು ಹಾಗೇ ಇತ್ತು.

ಆ ನಗುವಿನ ಪಕ್ಕದಲ್ಲಿ ಎಲ್ಲೋ ಒಂದು ಪುಟ್ಟ ಕಣ್ಣಿನ ಗುರುತು ಇದ್ದೇ ಇರುತ್ತದೆ ಎಂದು ಪದರಮ್ಮನಿಗೆ ಗೊತ್ತು. ಅದು ಎಲ್ಲಿದೆ ಎಂದು ಹುಡುಕುವ ಗೋಜಿಗೆ ಅವಳು ಹೋಗಲಿಲ್ಲ. ಚಹಾ ಕುಡಿದಳು. ಗಾಳಿ ಬೀಸಿ ಗೋಡೆ ಉಬ್ಬಿತು, ಇಳಿಯಿತು. ಗಂಡ ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಭದ್ರವಾಗಿದೆ ಎಂದ.